ತಂಪುನೀರಿನ ಪಂಪಿಗೆ ನಿಜಕ್ಕೂ 25 ಎಚ್‌ಪಿ ಬೇಕೇ? ಲೆಕ್ಕ ನೋಡಿಕೊಡಿ

ತೋತಾಪುರಿ (ಶ್ರೀನಿವಾಸಪುರ)

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಣ್ಣಿನ ತಿರುಳು ಘಟಕದಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತೇನೆ. ಮಾವಿನ ಹಂಗಾಮಿನ ಸುಮಾರು ಎರಡು ತಿಂಗಳು ದಿನಕ್ಕೆ 20 ಗಂಟೆ ಕೆಲಸವಿರುತ್ತದೆ. ಉಳಿದ ಕಾಲದಲ್ಲಿ ಟೊಮೆಟೊ ಬಂದಾಗ ಒಂದು ಪಾಳಿ ಮಾತ್ರ. ಕಾಯಿಸಿದ ತಿರುಳನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್‌ಗೆ ಕೂಲಿಂಗ್ ಟವರ್ ನೀರನ್ನು ಕೊಡುವ ಪಂಪಿನ ಬಗ್ಗೆ ಈ ಪ್ರಶ್ನೆ.

ನೀರು ನೆಲದೊಳಗಿನ ಸಂಪಿನಿಂದ ಎಕ್ಸ್‌ಚೇಂಜರ್ ಮೂಲಕ ಟವರ್‌ನ ತಲೆಗೆ ಹೋಗಿ, ಅಲ್ಲಿಂದ ಟವರ್‌ನ ತೊಟ್ಟಿಗೆ ಬಿದ್ದು, ಮತ್ತೆ ಸಂಪಿಗೆ ಬರುತ್ತದೆ. ಈಗಿರುವ ಪಂಪಿನ ತಗಡಿನ ಮೇಲೆ ಗಂಟೆಗೆ 60 ಘನ ಮೀಟರ್, 45 ಮೀಟರ್ ಹೆಡ್ (ಪಂಪು ಕೊಡುವ ಒತ್ತಡವನ್ನು ನೀರಿನ ಎತ್ತರವಾಗಿ ಹೇಳುವ ಅಳತೆ), 15 ಕಿಲೋವ್ಯಾಟ್ ಎಂದು ಬರೆದಿದೆ. ಎಕ್ಸ್‌ಚೇಂಜರ್ ತಯಾರಿಸಿದವರು ಕೇಳಿರುವುದು ಗಂಟೆಗೆ 30 ಘನ ಮೀಟರ್ ಮಾತ್ರ. ಹಾಗಾಗಿ ನಾನು ಇಲ್ಲಿಗೆ ಬರುವ ಮೊದಲಿನಿಂದಲೂ ಡೆಲಿವರಿ ವಾಲ್ವನ್ನು ಕಾಲುಭಾಗದಷ್ಟು ಮಾತ್ರ ತೆರೆದು ನಡೆಸುತ್ತಿದ್ದಾರೆ. ಮೆಕ್ಯಾನಿಕಲ್ ಸೀಲ್ ಪ್ರತಿ ಹಂಗಾಮಿನಲ್ಲೂ ಸೋರುತ್ತದೆ, ಮೋಟಾರಿನ ಎದುರು ಬದಿಯ ಬೇರಿಂಗ್ ಬಿಸಿಯಾಗುತ್ತದೆ, ವಾಲ್ವಿನ ಬಳಿ ನಿಂತು ಮಾತನಾಡಲು ಆಗದಷ್ಟು ಸದ್ದು.

ಮುಂದಿನ ಹಂಗಾಮಿಗೆ 20 ಘನ ಮೀಟರ್ ಬೇಡುವ ಎರಡನೆಯ ಎಕ್ಸ್‌ಚೇಂಜರ್ ಬರಲಿದೆ. ಪಂಪು ಮಾರುವವರನ್ನು ಕೇಳಿದರೆ, ‘ಹೊರೆ ಹೆಚ್ಚಾಗುತ್ತದೆ, 20 ಎಚ್‌ಪಿ ಸಾಲದು, 25 ಹಾಕಿ’ ಎಂದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ತಪ್ಪೆಂದು ತೋರಿಸಲು ಬೇಕಾದ ಲೆಕ್ಕ ನನ್ನ ಬಳಿ ಇಲ್ಲ. ಮಾಲೀಕರಿಗೆ ಕಾಗದದ ಮೇಲೆ ತೋರಿಸಬೇಕು.

ತಿಳಿದಿರುವ ಅಳತೆಗಳು ಇವು: ಸಂಪಿನ ನೀರಿನ ಮಟ್ಟದಿಂದ ಟವರ್‌ನ ನೀರು ಚಿಮ್ಮುವ ಕೊಳವೆಯವರೆಗಿನ ಎತ್ತರ 9 ಮೀಟರ್. ಸಂಪಿನ ನೀರು ಪಂಪಿನ ಮಧ್ಯರೇಖೆಗಿಂತ 2.5 ಮೀಟರ್ ಕೆಳಗಿದೆ. 100 ಮಿ.ಮೀ. ಜಿಐ ಕೊಳವೆ, ಬೆಂಡು ವಾಲ್ವುಗಳನ್ನೂ ಕೊಳವೆಯ ಉದ್ದಕ್ಕೆ ಪರಿವರ್ತಿಸಿ ಸೇರಿಸಿದರೆ ಸುಮಾರು 180 ಮೀಟರ್. ಎಕ್ಸ್‌ಚೇಂಜರ್‌ನಲ್ಲಿ ಅದರ ಪೂರ್ಣ ಹರಿವಿಗೆ 0.5 ಕೆಜಿ (ಚದರ ಸೆಂ.ಮೀ.ಗೆ) ಒತ್ತಡ ಇಳಿಯುತ್ತದೆ, ಅಂದರೆ 5 ಮೀಟರ್ ಹೆಡ್. 50 ಘನ ಮೀಟರ್ ಹರಿದಾಗ ಟವರ್‌ನ ನಾಜಲ್‌ಗೂ ಅಷ್ಟೇ ಬೇಕು.

ಇನ್ನೊಂದು ತೊಂದರೆಯನ್ನೂ ಇಲ್ಲೇ ಕೇಳಿಬಿಡುತ್ತೇನೆ. ಪಾಳಿ ಮುಗಿದ ಮೇಲೆ ಕೊಳವೆಗಳನ್ನು ತೊಳೆಯಲು 85 ಡಿಗ್ರಿಯ ಬಿಸಿನೀರು ಬಳಸುತ್ತೇವೆ. ಅದರ ತೆರೆದ ತೊಟ್ಟಿ ಅರ್ಧ ನೆಲದೊಳಗಿದೆ, 3 ಎಚ್‌ಪಿ ಪಂಪು ನೆಲದ ಮೇಲಿದೆ. ತಣ್ಣೀರಿನಲ್ಲಿ ಸದ್ದಿಲ್ಲದೆ ಓಡುವ ಆ ಪಂಪು, ನೀರು ಬಿಸಿಯಾಗುತ್ತಿದ್ದಂತೆ ಒಳಗೆ ಜಲ್ಲಿ ಹೊರಳಿದಂತೆ ಸದ್ದು ಮಾಡುತ್ತದೆ, ಒತ್ತಡವೂ ಬೀಳುತ್ತದೆ. ಇದಕ್ಕೂ ದೊಡ್ಡ ಪಂಪನ್ನೇ ಹಾಕಲು ಹೇಳುತ್ತಿದ್ದಾರೆ.

ಹಿರೇಹಳ್ಳಿ ಪೈಪಿಂಗ್ (ತುಮಕೂರು)

ನಿಮಗೆ ಒಪ್ಪಿಗೆಯಾಗದಿದ್ದುದು ಸರಿಯಾಗಿಯೇ ಇದೆ. ಪಂಪಿನ ತಗಡಿನ ಮೇಲಿರುವ ಅಂಕಿ ಆ ಪಂಪು ಯಾವ ಹರಿವಿನಲ್ಲಿ ಚೆನ್ನಾಗಿ ಓಡುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ನಿಮ್ಮ ಕೊಳವೆಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬುದನ್ನಲ್ಲ. ಹರಿವನ್ನು ತೀರ್ಮಾನಿಸುವುದು ಕೊಳವೆ, ಎಕ್ಸ್‌ಚೇಂಜರ್, ನಾಜಲ್ ಮತ್ತು ಎತ್ತರ ಎಲ್ಲ ಸೇರಿ ಒಡ್ಡುವ ಪ್ರತಿರೋಧ. ಯಾವ ಹರಿವಿಗೆ ಎಷ್ಟು ಹೆಡ್ ಎಂದು ತೋರಿಸುವ ಅದರ ರೇಖೆಯೂ ಪಂಪಿನ ರೇಖೆಯೂ ಒಂದನ್ನೊಂದು ಕತ್ತರಿಸುವ ಜಾಗದಲ್ಲೇ ಪಂಪು ನೆಲೆಗೊಳ್ಳುತ್ತದೆ. ಆದ್ದರಿಂದ ಮೊದಲು ವ್ಯವಸ್ಥೆಯ ರೇಖೆ, ಆಮೇಲೆ ಪಂಪು. ಎಚ್‌ಪಿಯ ಮಾತು ಕೊನೆಗೆ ಬರಬೇಕಾದದ್ದು. ನಮ್ಮ ಕಡೆ ಅದೇ ಮೊದಲು ಬರುತ್ತದೆ. ಕೊಳವೆಬಾವಿಯ ಮೋಟಾರು ಕೊಳ್ಳುವ ಅಭ್ಯಾಸ ಕಾರ್ಖಾನೆಯ ಒಳಕ್ಕೂ ಬಂದಿದೆ ಎನ್ನಿ.

ಎರಡೂ ಎಕ್ಸ್‌ಚೇಂಜರ್ ಓಡುವಾಗ ಬೇಕಾದ 50 ಘನ ಮೀಟರ್‌ಗೆ ಲೆಕ್ಕ ಹಾಕೋಣ. ಮಧ್ಯಮ ದರ್ಜೆಯ 100 ಮಿ.ಮೀ. ಜಿಐ ಕೊಳವೆಯ ಒಳವ್ಯಾಸ ಸುಮಾರು 105 ಮಿ.ಮೀ. ಅದರಲ್ಲಿ ನೀರಿನ ವೇಗ ಸೆಕೆಂಡಿಗೆ 1.6 ಮೀಟರ್. ಡೆಲಿವರಿಗೆ 2ರಿಂದ 3 ಮೀಟರ್‌ವರೆಗೂ ಒಪ್ಪುವುದರಿಂದ ಕೊಳವೆ ಬದಲಿಸುವ ಅಗತ್ಯವಿಲ್ಲ. ಘರ್ಷಣೆಗೆ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ‘ಸಿ’ ಮೌಲ್ಯವನ್ನು (ಒಳಗೋಡೆ ನುಣುಪಾದಷ್ಟೂ ಇದು ಹೆಚ್ಚು) 100 ಎಂದು ಹಿಡಿದಿದ್ದೇನೆ. ಹೊಸ ಕೊಳವೆಗೆ 120ರ ಮೇಲೆ ಹಿಡಿಯಬಹುದಿತ್ತು. ಆದರೆ ನಿಮ್ಮ ಜಿಲ್ಲೆಯ ಗಡಸು ನೀರು ಒಳಗೋಡೆಯನ್ನು ಹಾಗೆ ಉಳಿಸಿರಲಾರದು. ಹೀಗೆ ಬಂದ ನಷ್ಟ ಮೀಟರ್‌ಗೆ 0.045, 180 ಮೀಟರ್‌ಗೆ 8 ಮೀಟರ್. ಎತ್ತರದ 9, ಎಕ್ಸ್‌ಚೇಂಜರ್‌ನ 5, ನಾಜಲ್‌ನ 5 ಸೇರಿದರೆ ಒಟ್ಟು 27 ಮೀಟರ್. ಎಕ್ಸ್‌ಚೇಂಜರ್‌ಗಳು ಸಮಾನಾಂತರವಾಗಿ ಇರುವುದರಿಂದ ಎರಡು ಇದ್ದರೂ 5 ಮೀಟರನ್ನು ಒಮ್ಮೆ ಮಾತ್ರ ಸೇರಿಸಬೇಕು. ಇದನ್ನು ಎರಡು ಸಲ ಕೂಡಿಸುವವರು ಬಹಳ.

ಹಾಗಾದರೆ 45 ಮೀಟರ್ ಎಲ್ಲಿಂದ ಬಂತು? ನನ್ನ ಊಹೆ ಹೀಗಿದೆ. ಘಟಕ ಕಟ್ಟುವಾಗಲೇ ಎರಡನೆಯ ಎಕ್ಸ್‌ಚೇಂಜರ್ ಮನಸ್ಸಿನಲ್ಲಿದ್ದು 50 ಎಂದು ಬರೆದಿದ್ದಾರೆ. ಯಾರೋ ಅದಕ್ಕೆ ಶೇ. 20 ಸೇರಿಸಿ 60 ಮಾಡಿದ್ದಾರೆ. 60ರ ಹರಿವಿಗೆ ಘರ್ಷಣೆ 11, ಎಕ್ಸ್‌ಚೇಂಜರ್ ಮತ್ತು ನಾಜಲ್ ತಲಾ 7, ಎತ್ತರ 9, ಒಟ್ಟು 34ರ ಮೇಲೆ. ಅದಕ್ಕೆ ಇನ್ನೊಬ್ಬರು ಶೇ. 30 ಹಾಕಿದರೆ 45 ಆಗುತ್ತದೆ. ಹರಿವು ಹೆಚ್ಚಿಸಿದಾಗಲೇ ಹೆಡ್ಡಿನಲ್ಲಿ ಅದರ ವರ್ಗದಷ್ಟು ಹೆಚ್ಚಳ ಸೇರಿಹೋಗಿರುತ್ತದೆ. ಅದರ ಮೇಲೆ ಮತ್ತೊಂದು ಮುನ್ನೆಚ್ಚರಿಕೆಯ ಶೇಕಡಾವಾರು ಹೇರಿದರೆ ಆಗುವುದೇ ಇದು. ಮುನ್ನೆಚ್ಚರಿಕೆಯನ್ನು ಒಂದೇ ಕಡೆ, ಅದೂ ಘರ್ಷಣೆಯ ಭಾಗಕ್ಕೆ ಮಾತ್ರ ಹಾಕಬೇಕು. ಒಂಬತ್ತು ಮೀಟರ್ ಎತ್ತರ ಮುಂದಿನ ವರ್ಷ ಹತ್ತು ಆಗುವುದಿಲ್ಲ.

ಈಗ ಶಕ್ತಿಯ ಲೆಕ್ಕ. ನೀರಿಗೆ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಬೇಕಾದರೆ, ಗಂಟೆಯ ಘನ ಮೀಟರನ್ನು ಹೆಡ್ಡಿನಿಂದ ಗುಣಿಸಿ 367ರಿಂದ ಭಾಗಿಸಿ. ಘರ್ಷಣೆಗೆ ಒಂದು ಮೀಟರ್ ಮುನ್ನೆಚ್ಚರಿಕೆ ಸೇರಿಸಿ 27ನ್ನು 28 ಎಂದು ಹಿಡಿಯೋಣ. 50ನ್ನು 28ರಿಂದ ಗುಣಿಸಿ ಭಾಗಿಸಿದರೆ 3.8 ಕಿ.ವ್ಯಾ. ಪಂಪಿನ ದಕ್ಷತೆ ಶೇ. 70 ಎಂದರೆ ಶಾಫ್ಟಿಗೆ 5.5 ಕಿ.ವ್ಯಾ. ಸಾಕು. ಅಂದರೆ ಎರಡೂ ಎಕ್ಸ್‌ಚೇಂಜರ್ ಸೇರಿ ಬೇಕಾಗಿರುವುದು 7.5 ಕಿ.ವ್ಯಾ. ಮೋಟಾರು, 10 ಎಚ್‌ಪಿ. ನಿಮ್ಮಲ್ಲಿ ಈಗಾಗಲೇ ಅದರ ಎರಡರಷ್ಟಿದೆ.

ಸೀಲು, ಬೇರಿಂಗು ಹೋಗುತ್ತಿರುವುದಕ್ಕೂ ಇದೇ ಕಾರಣ. ಸೆಂಟ್ರಿಫ್ಯೂಗಲ್ ಪಂಪು ತನ್ನ ಅತಿ ಹೆಚ್ಚು ದಕ್ಷತೆಯ ಹರಿವಿನ ಶೇ. 70ರಿಂದ 120ರ ನಡುವೆ ಓಡಬೇಕೆಂಬುದು ಒಪ್ಪಿತ ಪದ್ಧತಿ. ನೀವು ಶೇ. 50ರಲ್ಲಿ ಓಡಿಸುತ್ತಿದ್ದೀರಿ. ಹರಿವು ಅಷ್ಟು ಇಳಿದಾಗ ಕೇಸಿಂಗ್ ಸುತ್ತಲಿನ ಒತ್ತಡ ಸಮವಾಗಿರುವುದಿಲ್ಲ. ಇಂಪೆಲ್ಲರನ್ನು (ಪಂಪಿನೊಳಗೆ ತಿರುಗುವ ಚಕ್ರ) ಒಂದೇ ಬದಿಗೆ ಒತ್ತುವ ಬಲ ಹೆಚ್ಚಿ ಶಾಫ್ಟು ಬಾಗುತ್ತದೆ. ಬಾಗಿದ ಶಾಫ್ಟಿನ ಮೇಲೆ ಸೀಲಿನ ಮುಖಗಳು ಎಷ್ಟು ದಿನ ಕೂಡಿಕೊಂಡಿದ್ದಾವು? ಸೀಲು ಕೊಟ್ಟವರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಏನನ್ನೂ ಕೊಳ್ಳುವ ಮೊದಲು ಅಳತೆ ಮಾಡಿ. ಡೆಲಿವರಿ ವಾಲ್ವಿನ ಹಿಂದೆ ಒಂದು, ಮುಂದೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಫ್ಲೋಮೀಟರ್ ಇಲ್ಲದಿದ್ದರೆ ಟವರ್‌ನ ತೊಟ್ಟಿಯಿಂದ ಸಂಪಿಗೆ ಬರುವ ವಾಲ್ವನ್ನು ಐದು ನಿಮಿಷ ಮುಚ್ಚಿ, ಕೊರತೆ ತುಂಬಲು ಬಿಡುವ ಮೇಕಪ್ ನೀರನ್ನೂ ನಿಲ್ಲಿಸಿ, ಸಂಪಿನ ಮಟ್ಟ ಎಷ್ಟು ಇಳಿಯಿತೆಂದು ಟೇಪಿನಿಂದ ನೋಡಿ. ತೊಟ್ಟಿ ಉಕ್ಕದಂತೆ ಒಬ್ಬರನ್ನು ಅಲ್ಲಿ ನಿಲ್ಲಿಸಿ. ಮೋಟಾರಿನ ಆಂಪಿಯರನ್ನೂ ಬರೆದುಕೊಳ್ಳಿ.

ನರಸಾಪುರ ಯುಟಿಲಿಟಿ (ಕೋಲಾರ)

ಮೇಲಿನವರು ಡೆಲಿವರಿ ಬದಿಯನ್ನು ವಿವರವಾಗಿ ಹೇಳಿದ್ದಾರೆ. ನಾನು ಸಕ್ಷನ್, ಅಂದರೆ ನೀರು ಪಂಪಿಗೆ ಬರುವ ಬದಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಬಿಸಿನೀರಿನ ಪಂಪಿನ ತೊಂದರೆ ಪೂರ್ತಿ ಅಲ್ಲೇ ಇದೆ. ಅದು ಕ್ಯಾವಿಟೇಷನ್, ಅಂದರೆ ಒತ್ತಡ ಇಳಿದು ನೀರಿನೊಳಗೆ ಆವಿಯ ಗುಳ್ಳೆಗಳು ಎದ್ದು ಒಡೆಯುವುದು. ಪಂಪು ನೀರನ್ನು ‘ಎಳೆಯುತ್ತದೆ’ ಎಂದು ನಾವು ಹೇಳುತ್ತೇವಾದರೂ, ತೆರೆದ ತೊಟ್ಟಿಯ ನೀರನ್ನು ಇಂಪೆಲ್ಲರ್ ಕಣ್ಣಿಗೆ ನೂಕುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ತಣ್ಣೀರಿನ 10.3 ಮೀಟರ್ ಕಂಬಕ್ಕೆ ಸಮ. ನಮ್ಮ ಕೋಲಾರದ ಬಯಲು ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಿನಲ್ಲಿರುವುದರಿಂದ ನಮಗೆ ಸಿಗುವುದು ಸುಮಾರು 9.4 ಮೀಟರ್ ಮಾತ್ರ. ಬಿಸಿನೀರು ಹಗುರವಾದ್ದರಿಂದ ಅದರ ಲೆಕ್ಕದಲ್ಲಿ 9.7 ಎಂದು ಹಿಡಿಯಿರಿ.

85 ಡಿಗ್ರಿಯ ನೀರಿನ ಆವಿಯ ಒತ್ತಡವೇ ಸುಮಾರು 6.1 ಮೀಟರ್. ಅದನ್ನು ಕಳೆದರೆ ಉಳಿಯುವುದು 3.6. ಪಂಪು ನೀರಿಗಿಂತ ಒಂದು ಮೀಟರ್ ಮೇಲಿದ್ದರೆ 2.6. ಫುಟ್ ವಾಲ್ವು ಮತ್ತು ಸಕ್ಷನ್ ಕೊಳವೆಯ ನಷ್ಟ 0.8 ಎಂದುಕೊಂಡರೆ ಕೈಗೆ ಸಿಗುವ ಎನ್‌ಪಿಎಸ್‌ಎಚ್ (ಪಂಪಿನ ಬಾಯಲ್ಲಿ ಆವಿಯ ಒತ್ತಡದ ಮೇಲೆ ಉಳಿಯುವ ಹೆಡ್ಡು) 1.8 ಮೀಟರ್. ಆ ಗಾತ್ರದ ಪಂಪುಗಳಿಗೆ ಸಾಮಾನ್ಯವಾಗಿ 2ರಿಂದ 3 ಮೀಟರ್ ಬೇಕು. ಕ್ಯಾಟಲಾಗಿನಲ್ಲಿ ಕೊಡುವ ಆ ಅಂಕಿಯೂ ಕ್ಯಾವಿಟೇಷನ್ ಶುರುವಾಗುವ ಗಡಿಯಲ್ಲ. ಅದರಿಂದಾಗಿ ಹೆಡ್ಡು ಶೇ. 3ರಷ್ಟು ಬಿದ್ದಾಗಿನ ಗಡಿ ಅದು. ಆದ್ದರಿಂದ ಅದರ ಮೇಲೆ ಕನಿಷ್ಠ ಒಂದು ಮೀಟರಾದರೂ ಉಳಿದಿರಬೇಕು. ತಣ್ಣೀರಿನಲ್ಲಿ ಆವಿಯ ಒತ್ತಡ ಕಾಲು ಮೀಟರನ್ನೂ ಅಷ್ಟೇನು ಮೀರದು, ಹಾಗಾಗಿ ಸದ್ದಿಲ್ಲದೆ ಓಡುತ್ತದೆ. ಮಂಗಳೂರಿನ ಘಟಕದಲ್ಲಿ ಇದೇ ಜೋಡಣೆ ಇನ್ನೊಂದು ಮೀಟರಿನ ಅನುಕೂಲ ಪಡೆದು ಹೇಗೋ ನಡೆದೀತು, ಇಲ್ಲಿ ನಡೆಯುವುದಿಲ್ಲ. ಕರಾವಳಿಯಲ್ಲಿ ಚೆನ್ನಾಗಿ ಓಡಿದ ನಕ್ಷೆಯನ್ನು ಹಾಗೇ ತಂದು ಇಲ್ಲಿ ಕೂರಿಸುವವರು ಈ ಒಂದು ಮೀಟರನ್ನು ನೆನಪಿನಲ್ಲಿಡಬೇಕು.

ದೊಡ್ಡ ಪಂಪು ಹಾಕಿದರೆ ಹರಿವು ಹೆಚ್ಚಿ, ಬೇಕಾಗುವ ಎನ್‌ಪಿಎಸ್‌ಎಚ್ ಇನ್ನೂ ಮೇಲೇರುತ್ತದೆ, ತೊಂದರೆ ಬಿಗಡಾಯಿಸುತ್ತದೆ. ಮಾಡಬೇಕಾದದ್ದು ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೇರಿಸಿ ನೀರಿನ ಮಟ್ಟ ಪಂಪಿಗಿಂತ ಎರಡು ಮೀಟರ್ ಮೇಲಿರುವಂತೆ ನೋಡಿಕೊಳ್ಳುವುದು. ಆಗ ಫುಟ್ ವಾಲ್ವೇ ಬೇಡ. ನಷ್ಟ ಅರ್ಧ ಮೀಟರಿಗೆ ಇಳಿದು, 9.7ರಲ್ಲಿ 6.1 ಕಳೆದು ಎರಡು ಕೂಡಿ ಅರ್ಧ ಕಳೆದರೆ 5.1 ಮೀಟರ್ ಸಿಗುತ್ತದೆ. ಈಗಿರುವ 3 ಎಚ್‌ಪಿಯೇ ಸದ್ದಿಲ್ಲದೆ ಓಡುತ್ತದೆ. ಸೀಲಿನ ರಬ್ಬರು ಆ ಬಿಸಿಗೆ ತಡೆಯುವಂಥದೇ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಿ.

ತಂಪುನೀರಿನ ಪಂಪಿಗೆ ಈ ಭಯವಿಲ್ಲ. 35 ಡಿಗ್ರಿಗೆ ಆವಿಯ ಒತ್ತಡ 0.6, ಎತ್ತರ 2.5, ಸಕ್ಷನ್ ನಷ್ಟ 1 ಕಳೆದರೂ 5 ಮೀಟರಿಗಿಂತ ಹೆಚ್ಚು ಉಳಿಯುತ್ತದೆ. ಆದರೂ ಸಕ್ಷನ್ ಕೊಳವೆಯನ್ನು ಒಮ್ಮೆ ಕಣ್ಣಾರೆ ನೋಡಿ. ಪಂಪಿನ ಬಾಯಿಗೇ ಬೆಂಡು ಕೂರಿಸಿದ್ದರೆ, ಕೊಳವೆಯ ವ್ಯಾಸದ ಐದರಷ್ಟಾದರೂ ನೇರ ಉದ್ದ ಕೊಡಿಸಿ. ಕೊಳವೆಯನ್ನು ಕಿರಿದುಮಾಡುವ ರೆಡ್ಯೂಸರ್ ಒಂದು ಬದಿ ಚಪ್ಪಟೆಯಾಗಿರುವ ಬಗೆಯದಾಗಿದ್ದು, ಆ ಚಪ್ಪಟೆ ಬದಿ ಮೇಲಕ್ಕಿರಬೇಕು. ಇಲ್ಲವಾದರೆ ಮೇಲ್ಭಾಗದಲ್ಲಿ ಗಾಳಿ ನಿಲ್ಲುತ್ತದೆ.

ತೋತಾಪುರಿ (ಶ್ರೀನಿವಾಸಪುರ)

ಇಬ್ಬರಿಗೂ ಧನ್ಯವಾದಗಳು. ಟೊಮೆಟೊ ಪಾಳಿಯಲ್ಲಿ ಅಳತೆ ಮಾಡಿದೆ. ವಾಲ್ವಿನ ಹಿಂದಿನ ಗೇಜು 5 ಕೆಜಿ, ಮುಂದಿನದು 1.6 ಕೆಜಿ ತೋರಿಸಿತು. ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. ಐದು ನಿಮಿಷಕ್ಕೆ 20 ಸೆಂ.ಮೀ. ಇಳಿಯಿತು. ನನ್ನ ಲೆಕ್ಕದಲ್ಲಿ ಗಂಟೆಗೆ ಸುಮಾರು 29 ಘನ ಮೀಟರ್. ಮೋಟಾರು 16 ಆಂಪಿಯರ್ ಎಳೆಯುತ್ತಿದೆ.

ಮುಂದಿನ ಪ್ರಶ್ನೆಗಳು. ಪಂಪು ಈಗಾಗಲೇ ದೊಡ್ಡದಾಗಿದೆ ಎನ್ನುವುದಾದರೆ ಅದರ ಇಂಪೆಲ್ಲರನ್ನು ಲೇತಿನಲ್ಲಿ ಕಡಿಸಿದರೆ ಸಾಕೇ? ಅಥವಾ ಮೋಟಾರಿನ ವೇಗ ಇಳಿಸುವ ವಿಎಫ್‌ಡಿ (ಡ್ರೈವ್) ಹಾಕುವುದೇ? ಮಾಲೀಕರು ಮೂರನೆಯದಾಗಿ, ಎಲ್ಲವನ್ನೂ ಬಿಟ್ಟು 10 ಎಚ್‌ಪಿಯ ಹೊಸ ಪಂಪನ್ನೇ ತರೋಣ ಎನ್ನುತ್ತಿದ್ದಾರೆ. ಇದೇ ಲೆಕ್ಕವನ್ನು ತಿರುಳು ಸಾಗಿಸುವ ಪಂಪಿಗೂ ಬಳಸಬಹುದೇ ಎಂದೂ ಕೇಳಿದರು. ಅದಕ್ಕೆ ಏನು ಹೇಳಲಿ?

ಹಿರೇಹಳ್ಳಿ ಪೈಪಿಂಗ್ (ತುಮಕೂರು)

ಗೇಜುಗಳ ಅಂಕಿಯೇ ಮಾಲೀಕರಿಗೆ ತೋರಿಸಲು ಸಾಕು. 5ರಲ್ಲಿ 1.6 ಕಳೆದರೆ 3.4 ಕೆಜಿ, ಅಂದರೆ 34 ಮೀಟರ್ ಹೆಡ್ಡು ಆ ಒಂದು ವಾಲ್ವಿನೊಳಗೇ ಸದ್ದಾಗಿ, ಬಿಸಿಯಾಗಿ ಹೋಗುತ್ತಿದೆ. ಇಡೀ ವ್ಯವಸ್ಥೆಗೆ 30 ಘನ ಮೀಟರ್‌ನಲ್ಲಿ ಬೇಕಾಗಿರುವುದು ಎತ್ತರ 9, ಘರ್ಷಣೆ 3, ಎಕ್ಸ್‌ಚೇಂಜರ್ 5, ನಾಜಲ್ 2, ಒಟ್ಟು 19 ಮೀಟರ್. ನಿಮ್ಮ ಮುಂದಿನ ಗೇಜಿನ 1.6 ಕೆಜಿಗೆ ಸಕ್ಷನ್ನಿನ 2.5 ಮೀಟರ್ ಎತ್ತರವನ್ನೂ ಅಲ್ಲಿನ ಸಣ್ಣ ನಷ್ಟವನ್ನೂ ಸೇರಿಸಿದರೆ ಅದೇ 19 ಬರುತ್ತದೆ. ಕಾಗದದ ಲೆಕ್ಕವೂ ಗೇಜೂ ಹೀಗೆ ಕೂಡಿಬಂದರೆ ಮುಂದಿನದನ್ನು ಧೈರ್ಯವಾಗಿ ಹೇಳಬಹುದು.

ಇಂಪೆಲ್ಲರ್ ಕಡಿಸುವುದು ಒಳ್ಳೆಯ ಉಪಾಯವೇ, ಆದರೆ ಇಲ್ಲಿ ಅಲ್ಲ. ನಿಮ್ಮ ಪಂಪು 50 ಘನ ಮೀಟರ್‌ನಲ್ಲಿ ಸುಮಾರು 48 ಮೀಟರ್ ಕೊಡುತ್ತಿರಬೇಕು. ಅದನ್ನು 27ಕ್ಕೆ ಇಳಿಸಲು ವ್ಯಾಸದಲ್ಲಿ ಶೇ. 20ರಷ್ಟು ತೆಗೆಯಬೇಕಾಗುತ್ತದೆ. ಅಷ್ಟು ಕಡಿದರೆ ಇಂಪೆಲ್ಲರ್ ಅಂಚಿಗೂ ಕೇಸಿಂಗಿಗೂ ಅಂತರ ಹೆಚ್ಚಿ ದಕ್ಷತೆ ಬೀಳುತ್ತದೆ, ಸೂತ್ರ ಹೇಳಿದ ಫಲವೂ ಸಿಗುವುದಿಲ್ಲ. ಕಡಿದ ಮೇಲೆ ಮತ್ತೆ ಬೆಳೆಸಲಂತೂ ಆಗದು.

ವಿಎಫ್‌ಡಿಯೇ ನನ್ನ ಸಲಹೆ, ಏಕೆಂದರೆ ಪಂಪು ಈಗಾಗಲೇ ನಿಮ್ಮ ಕೈಯಲ್ಲಿದೆ. ವೇಗ ಇಳಿದಷ್ಟೇ ಪ್ರಮಾಣದಲ್ಲಿ ಹರಿವು, ಅದರ ವರ್ಗದ ಪ್ರಮಾಣದಲ್ಲಿ ಹೆಡ್ಡು ಇಳಿಯುವುದರಿಂದ, 50 ಘನ ಮೀಟರ್ ಮತ್ತು 27 ಮೀಟರಿಗೆ ಸುಮಾರು 39 ಹರ್ಟ್ಸ್ ಸಾಕು. ಆ ವೇಗದಲ್ಲಿ ಪಂಪು ತನ್ನ ಒಳ್ಳೆಯ ದಕ್ಷತೆಯ ಹರಿವಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಶಾಫ್ಟಿನ ಮೇಲಿನ ಹೊರೆ 5 ಕಿ.ವ್ಯಾ. ಆಸುಪಾಸು. ಅದೇ ನೀರನ್ನು ವಾಲ್ವು ಮುಚ್ಚಿ ಕೊಟ್ಟರೆ 9ಕ್ಕಿಂತ ಹೆಚ್ಚು. ಟೊಮೆಟೊ ಕಾಲದ 30ಕ್ಕೆ 31 ಹರ್ಟ್ಸ್, 2.2 ಕಿ.ವ್ಯಾ. ಈಗ ನೀವು ಓದಿದ 16 ಆಂಪಿಯರ್ ಎಂದರೆ ಮೀಟರಿನಲ್ಲಿ ಸುಮಾರು 8 ಕಿ.ವ್ಯಾ. ಓಡುತ್ತಿದೆ ಎಂದರ್ಥ. ಡ್ರೈವ್ ಹಾಕಿದರೆ, ಮೋಟಾರು ಮತ್ತು ಡ್ರೈವಿನ ನಷ್ಟ ಸೇರಿಸಿದರೂ ಅದು 3ರ ಒಳಗೆ ಬರುತ್ತದೆ. ಉಳಿಯುವ 5 ಕಿ.ವ್ಯಾ.ಯನ್ನು ನಿಮ್ಮ ಓಟದ ಗಂಟೆಗಳಿಂದಲೂ ಬಿಲ್ಲಿನ ದರದಿಂದಲೂ ಗುಣಿಸಿ ಮಾಲೀಕರ ಮುಂದಿಡಿ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಇಳಿಯುತ್ತದೆ ಎಂದು ಡ್ರೈವ್ ಮಾರುವವರು ಹೇಳುವ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ನಿಮ್ಮ 27ರಲ್ಲಿ 9 ಮೀಟರ್ ಬರಿಯ ಎತ್ತರ. ಅದು ವೇಗ ಇಳಿಸಿದರೆ ಇಳಿಯುವಂಥದಲ್ಲ.

ಒಂದು ಎಚ್ಚರಿಕೆ. 30ರ ಹರಿವಿನಲ್ಲಿ ನಾಜಲ್‌ಗೆ ಸಿಗುವ ಒತ್ತಡ ಎರಡು ಮೀಟರಿಗಿಂತ ಕಡಿಮೆ. ಟವರ್‌ನಲ್ಲಿ ನೀರು ಸಮನಾಗಿ ಹರಡದೆ ಮಧ್ಯದಲ್ಲೇ ಸುರಿಯುತ್ತಿದ್ದರೆ, ವೇಗ ಹೆಚ್ಚಿಸುವ ಬದಲು ಕೆಲವು ನಾಜಲ್‌ಗಳನ್ನು ಆ ಕಾಲಕ್ಕೆ ಮುಚ್ಚಿಬಿಡಿ. ಹೊಸ ಎಕ್ಸ್‌ಚೇಂಜರ್‌ನ ಕವಲಿಗೆ 65 ಮಿ.ಮೀ. ಕೊಳವೆ ಹಾಕಿ. 50 ಹಾಕಿದರೆ ವೇಗ 2.5 ಮೀಟರಿಗೆ ಹೋಗಿ ಆ ಕವಲಿಗೆ ತನ್ನ ಪಾಲಿನ ನೀರು ಸಿಗುವುದಿಲ್ಲ.

ಗೌರಿಬಿದನೂರು ಮೇಂಟೆನೆನ್ಸ್ (ಚಿಕ್ಕಬಳ್ಳಾಪುರ)

ಲೆಕ್ಕದಲ್ಲಿ ನನಗೆ ತಕರಾರಿಲ್ಲ, ತೀರ್ಮಾನದಲ್ಲಿದೆ. ಹಂಗಾಮಿನ ನಡುವೆ ಲೋಡುಗಟ್ಟಲೆ ಹಣ್ಣು ಅಂಗಳದಲ್ಲಿ ನಿಂತಿರುವಾಗ ಒಂದೇ ಪಂಪು, ಒಂದೇ ಡ್ರೈವನ್ನು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆ ವೋಲ್ಟೇಜು ಏರಿಳಿಯುವ ರೀತಿಗೆ, ಜನರೇಟರಿನಿಂದ ಲೈನಿಗೆ ಬದಲಿಸುವಾಗಿನ ಹೊಡೆತಕ್ಕೆ ಡ್ರೈವಿನ ಕಾರ್ಡು ಹೋದರೆ ಅದನ್ನು ಬೆಂಗಳೂರಿನಿಂದ ತರಿಸುವಷ್ಟರಲ್ಲಿ ಹಣ್ಣು ಕೊಳೆಯುತ್ತದೆ. ಡ್ರೈವು ಹಾಕುವುದೇ ಆದರೆ ಅದನ್ನು ಬದಿಗಿಟ್ಟು ನೇರವಾಗಿ ಸ್ಟಾರ್ಟರ್‌ನಿಂದ ಓಡಿಸುವ ಬೈಪಾಸ್ ಕಡ್ಡಾಯವಾಗಿ ಇರಲಿ.

ನಾನಾಗಿದ್ದರೆ ತಲಾ 25 ಘನ ಮೀಟರ್, 27 ಮೀಟರಿನ ಎರಡು ಸಣ್ಣ ಪಂಪುಗಳನ್ನು ಜೋಡಿಯಾಗಿ ಕೂರಿಸುತ್ತಿದ್ದೆ. ಹಳೆಯದು ಮೂಲೆಯಲ್ಲಿ ಸ್ಟ್ಯಾಂಡ್‌ಬೈ ಆಗಿರುತ್ತದೆ. ಒಂದು ಪಂಪು 25 ಕೊಡುತ್ತದೆ, ಎರಡು 50 ಕೊಡುತ್ತವೆ ಎಂದು ಇಲ್ಲಿ ಹಲವರು ತಿಳಿಯುತ್ತಾರೆ. ಹಾಗಲ್ಲ. ಒಂದೇ ಓಡಿದಾಗ ಕೊಳವೆಯ ಪ್ರತಿರೋಧ ಕಡಿಮೆಯಾಗಿ ಆ ಪಂಪು ತನ್ನ ರೇಖೆಯ ಬಲಕ್ಕೆ ಸರಿಯುತ್ತದೆ. ಸಾಮಾನ್ಯ ಆಕಾರದ ರೇಖೆ ಹಿಡಿದು ನೋಡಿದರೆ, ಎರಡೂ ಎಕ್ಸ್‌ಚೇಂಜರ್ ತೆರೆದಿದ್ದಾಗ ಒಂದೇ ಪಂಪು ಸುಮಾರು 38 ಘನ ಮೀಟರ್ ಕೊಡುತ್ತದೆ. ಮಾವಿನ ಕಾಲದಲ್ಲಿ ಒಂದು ಕೆಟ್ಟರೂ ಕೆಲಸದ ಮುಕ್ಕಾಲು ಪಾಲು ನಡೆಯುತ್ತದೆ. ಟೊಮೆಟೊ ಕಾಲದಲ್ಲಿ ಒಂದೇ ಎಕ್ಸ್‌ಚೇಂಜರ್ ತೆರೆದಾಗ ಅದೇ ಒಂದು ಪಂಪು 34ರಷ್ಟು ಕೊಡುತ್ತದೆ. ಬೇಕಾಗಿರುವುದು 30. ವಾಲ್ವು ಮುಚ್ಚುವ ಮಾತೇ ಇಲ್ಲ, ಡ್ರೈವೂ ಬೇಡ.

ಹೀಗೆ ಬಲಕ್ಕೆ ಸರಿದಾಗ ಹೊರೆ ಏರುವುದರಿಂದ ಮೋಟಾರನ್ನು 25ರ ಹರಿವಿಗೆ ಆರಿಸದೆ, 38ಕ್ಕೆ ಎಷ್ಟು ಬೇಕೋ ಅಷ್ಟು ಆರಿಸಬೇಕು. 5 ಎಚ್‌ಪಿ ಬಿಗಿಯಾಗುತ್ತದೆ, 7.5 ಹಾಕಿ. ಎನ್‌ಪಿಎಸ್‌ಎಚ್ ಕೂಡ ಆ ಹರಿವಿನಲ್ಲೇ ನೋಡಬೇಕು. ಎರಡಕ್ಕೂ ಪ್ರತ್ಯೇಕ ಸಕ್ಷನ್, ಪ್ರತ್ಯೇಕ ನಾನ್ ರಿಟರ್ನ್ ವಾಲ್ವ್ ಇರಲಿ. ಎರಡೂ ಒಂದೇ ಮಾದರಿಯವಾಗಿರಲಿ, ಇಲ್ಲವಾದರೆ ಬಲವಾದದ್ದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ.

ಹಿರೇಹಳ್ಳಿ ಪೈಪಿಂಗ್ (ತುಮಕೂರು)

ಬೈಪಾಸಿನ ಮಾತು ನೂರಕ್ಕೆ ನೂರು ಸರಿ. ಎರಡು ಪಂಪಿನ ಜೋಡಣೆಯೂ ಒಳ್ಳೆಯದೇ, ಹೊಸದಾಗಿ ಕಟ್ಟುವ ಘಟಕವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಹಳೆಯ ಪಂಪಿಗೆ ಡ್ರೈವು ಹಾಕಿದರೆ ಫೌಂಡೇಶನ್ ಒಡೆಯುವ ಕೆಲಸವಿಲ್ಲ, ಅಷ್ಟೇ ನನ್ನ ವಾದ. ಎರಡರ ದರಪಟ್ಟಿಯನ್ನೂ ತರಿಸಿ ನೋಡಿ.

ಯಾವ ದಾರಿಯಲ್ಲಿ ಹೊಸ ಪಂಪು ಕೊಂಡರೂ ಆರ್ಡರಿನಲ್ಲಿ ಎಚ್‌ಪಿ ಬರೆಯಬೇಡಿ. ಹರಿವು, ಹೆಡ್ಡು, ನೀರಿನ ಉಷ್ಣತೆ, ಸ್ಥಳದ ಎತ್ತರ, ನಿಮಗೆ ಸಿಗುವ ಎನ್‌ಪಿಎಸ್‌ಎಚ್ ಇವಿಷ್ಟನ್ನು ಬರೆದು, ದಕ್ಷತೆಯೂ ಬೇಕಾಗುವ ಎನ್‌ಪಿಎಸ್‌ಎಚ್ಚೂ ಗುರುತಿಸಿದ ರೇಖಾಪಟವನ್ನು ಕೇಳಿ. ಆ ಮಾದರಿಗೆ ಹಿಡಿಸುವ ಅತಿ ದೊಡ್ಡ ಇಂಪೆಲ್ಲರನ್ನೇ ತೊಡಿಸಿ ಕೊಟ್ಟಿದ್ದರೆ ಬೇಡ. ಮೇಲೆ ಒಂದು ಅಳತೆ ಉಳಿದಿದ್ದರೆ ಮುಂದೆ ಹರಿವು ಹೆಚ್ಚಬೇಕಾದಾಗ ಇಂಪೆಲ್ಲರ್ ಬದಲಿಸಿದರೆ ಸಾಕಾಗುತ್ತದೆ. ಪಂಪು ಪರೀಕ್ಷೆಯ ಮಾನದಂಡವಾದ ಐಎಸ್‌ಒ 9906ರ ಪ್ರಕಾರ ಪರೀಕ್ಷೆ ಮಾಡಿಕೊಡುತ್ತೇವೆ ಎಂದರೆ ಯಾವ ದರ್ಜೆ ಎಂದೂ ಕೇಳಿ. 2ಬಿ ದರ್ಜೆಯಲ್ಲಿ ಹರಿವು ಶೇ. 8, ಹೆಡ್ಡು ಶೇ. 5ರಷ್ಟು ಆಚೀಚೆಯಾದರೂ ಪಂಪು ಪಾಸಾದಂತೆಯೇ.

ನರಸಾಪುರ ಯುಟಿಲಿಟಿ (ಕೋಲಾರ)

ತಿರುಳಿನ ಪಂಪಿನ ಪ್ರಶ್ನೆ ಉಳಿದಿದೆ. ಈ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚಬೇಡಿ. ಮಾವಿನ ತಿರುಳು ನೀರಿನಂತೆ ಹರಿಯುವುದಿಲ್ಲ. ಕಲಕಿದಷ್ಟು ತೆಳುವಾಗುತ್ತದೆ, ನಿಂತರೆ ಮಂದವಾಗುತ್ತದೆ. ಅದರ ಘರ್ಷಣೆಗೆ ಹೇಜನ್–ವಿಲಿಯಮ್ಸ್ ಸೂತ್ರ ನಡೆಯುವುದೇ ಇಲ್ಲ, ಅದು ನೀರಿಗೆ ಮಾತ್ರ. ಸೆಂಟ್ರಿಫ್ಯೂಗಲ್ ಪಂಪು ಅಂಥ ಮಂದ ವಸ್ತುವಿನಲ್ಲಿ ಹೆಡ್ಡನ್ನೂ ದಕ್ಷತೆಯನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಅಲ್ಲಿ ಒಂಟಿ ಸ್ಕ್ರೂ ಪಂಪು ಬಳಸುತ್ತಾರೆ. ನಿಮ್ಮಲ್ಲಿರುವುದೂ ಅದೇ ಇರಬೇಕು. ಅದರಲ್ಲಿ ಹರಿವು ವೇಗಕ್ಕೆ ನೇರವಾಗಿ ಅಂಟಿಕೊಂಡಿರುತ್ತದೆ. ಮುಂದಿನ ಪ್ರತಿರೋಧ ಎಷ್ಟಿದ್ದರೂ ಅಷ್ಟು ಒತ್ತಡವನ್ನು ಅದು ಹುಟ್ಟಿಸುತ್ತಲೇ ಹೋಗುತ್ತದೆ. ತಂಪುನೀರಿನ ಪಂಪಿನ ಅಭ್ಯಾಸದಲ್ಲಿ ಯಾರಾದರೂ ಅದರ ಡೆಲಿವರಿ ವಾಲ್ವು ಮುಚ್ಚಿ ಹರಿವು ಇಳಿಸಲು ಹೋದರೆ ಕೊಳವೆಯ ಜಾಯಿಂಟು ಕಿತ್ತುಬರುತ್ತದೆ. ಒತ್ತಡ ಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇದೆಯೇ, ಅದರ ಬಾಯಿ ತಿರುಳು ಕಟ್ಟಿ ಮುಚ್ಚಿಹೋಗಿಲ್ಲವೇ ಎಂದು ಹಂಗಾಮಿಗೆ ಮೊದಲು ಬಿಚ್ಚಿ ನೋಡಿ. ತೊಟ್ಟಿ ಖಾಲಿಯಾದ ಮೇಲೂ ಓಡಿಸಿದರೆ ಒಳಗಿನ ರಬ್ಬರ್ ಸ್ಟೇಟರ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಮಟ್ಟ ಇಳಿದರೆ ತಾನೇ ನಿಲ್ಲುವ ಸ್ವಿಚ್ಚನ್ನೂ ಹಾಕಿಸಿ. ತಿರುಳಿನ ದಪ್ಪ ಮತ್ತು ಕೊಳವೆಯ ಉದ್ದ ಬರೆದು ಕಳಿಸಿದರೆ ಆ ಲೈನಿನ ಒತ್ತಡವನ್ನು ಬೇರೆಯಾಗಿ ಲೆಕ್ಕ ಹಾಕಬಹುದು.